ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವ ಅಪ್ಪ ಅಂಗಳದಲ್ಲಿ ಜಾರಿಬಿದ್ದಿದ್ದಾರೆ, ತಲೆಗೆ ಪೆಟ್ಟು. ಸ್ಕ್ಯಾನ್ ಬೇಕೇ?

ಹಾಳೆಟೋಪಿ · ಭಾನುವಾರ ಬೆಳಿಗ್ಗೆ 9.40

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಪ್ಪನಿಗೆ 76 ವರ್ಷ. ಊರು ಸಿದ್ದಾಪುರದ ಕಡೆಯ ಹಳ್ಳಿ. ಹೃದಯದ ಬಡಿತ ತಾಳ ತಪ್ಪಿದೆ ಎಂದು ಮೂರು ವರ್ಷದಿಂದ ಅಪಿಕ್ಸಬಾನ್ 5 ಮಿಲಿಗ್ರಾಂ ಗುಳಿಗೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುತ್ತಿದ್ದಾರೆ. ಇಂದು ಏಳು ಗಂಟೆಗೆ ಪೂಜೆಯ ಹೂವು ಕೊಯ್ಯಲು ಅಂಗಳಕ್ಕೆ ಇಳಿದವರು ಪಾಚಿಯ ಮೇಲೆ ಜಾರಿದ್ದಾರೆ. ತಲೆಯ ಹಿಂಭಾಗ ತುಳಸಿಕಟ್ಟೆಯ ಅಂಚಿಗೆ ಬಡಿದಿದೆ. ಪ್ರಜ್ಞೆ ತಪ್ಪಿಲ್ಲ, ವಾಂತಿ ಇಲ್ಲ, ರಕ್ತ ಬಂದಿಲ್ಲ. ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿದೆ, ಅಷ್ಟೇ. ಆಮೇಲೆ ನಾಲ್ಕು ದೋಸೆ ತಿಂದಿದ್ದಾರೆ, ಬೆಳಗಿನ ಗುಳಿಗೆಯನ್ನೂ ನುಂಗಿದ್ದಾರೆ, ಈಗ ಪತ್ರಿಕೆ ಓದುತ್ತಿದ್ದಾರೆ.

ಊರಿನ ವೈದ್ಯರು ಫೋನಿನಲ್ಲಿ, ಬೇಕಿದ್ದರೆ ನಾಳೆ ಒಂದು ಎಕ್ಸ್-ರೇ ತೆಗೆಸಿ ಎಂದರು. ಸಿ.ಟಿ. ಯಂತ್ರ ಇರುವ ಊರಿಗೆ ಒಂದೂವರೆ ಗಂಟೆ ದಾರಿ, ಮೇಲೆ ಧಾರಾಕಾರ ಮಳೆ. ನಾನು ಬೆಂಗಳೂರಿನಲ್ಲಿದ್ದೇನೆ, ಅಮ್ಮ ಒಬ್ಬರೇ ಇದ್ದಾರೆ. ಅಷ್ಟು ದೂರ ಕರೆದುಕೊಂಡು ಹೋಗಲೇಬೇಕೇ, ಅಥವಾ ಸಂಜೆಯವರೆಗೆ ನೋಡೋಣವೇ?

ಬಟ್ಟಲುಕಾಫಿ · 9.46

ನಾಲ್ಕು ದೋಸೆ ತಿಂದವರಿಗೆ ಏನೂ ಆಗಿರುವುದಿಲ್ಲ. ನಮ್ಮಜ್ಜ ಮಾಡಿನ ಹೆಂಚು ಕೈಯಾಡಿಸುವಾಗ ಬಿದ್ದವರು 94 ವರ್ಷ ಬದುಕಿದರು. ಮಂಜುಗಡ್ಡೆ ಒತ್ತಿ, ನಿದ್ದೆ ಮಾಡಲು ಮಾತ್ರ ಬಿಡಬೇಡಿ.

ರಾತ್ರಿಪಾಳಿ · 9.52

ನಿಮ್ಮಜ್ಜ ಅಪಿಕ್ಸಬಾನ್ ನುಂಗುತ್ತಿದ್ದರೇ? ಇಲ್ಲವಾದರೆ ಅವರ ಕಥೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಳೆಟೋಪಿಯವರೇ, ಹದಿನಾಲ್ಕು ವರ್ಷದಿಂದ ಶುಶ್ರೂಷಕಿಯಾಗಿದ್ದೇನೆ. ಕರೆದುಕೊಂಡು ಹೋಗಿ. ಸಂಜೆಯವರೆಗೆ ಕಾದು ಆಮೇಲೆ ಹೊರಟರೆ ಕತ್ತಲು, ಮಳೆ, ಎಚ್ಚರ ತಪ್ಪಿದ ರೋಗಿ, ಮೂರೂ ಒಟ್ಟಿಗೆ ನಿಮ್ಮ ಪಾಲಿಗೆ ಬರಬಹುದು. ಈಗ ಹೊರಟರೆ ಅವರೇ ನಡೆದು ಜೀಪು ಹತ್ತುತ್ತಾರೆ. ಗುಳಿಗೆಯ ಪಟ್ಟಿಯನ್ನೇ (ಸ್ಟ್ರಿಪ್) ಜೊತೆಗೆ ಒಯ್ಯಲು ಅಮ್ಮನಿಗೆ ಹೇಳಿ. ಕೊನೆಯ ಗುಳಿಗೆ ಎಷ್ಟು ಗಂಟೆಗೆ ನುಂಗಿದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಲಿ, ಅಲ್ಲಿ ಮೊದಲು ಕೇಳುವುದು ಅದನ್ನೇ. ಮೂತ್ರಪಿಂಡದ ಹಳೆಯ ವರದಿ ಇದ್ದರೆ ಅದೂ ಇರಲಿ. ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ಗುಳಿಗೆಯೂ ಬೇಡ. ಡೈಕ್ಲೋಫೆನಾಕ್ ಸೂಜಿಯಂತೂ ಬೇಡವೇ ಬೇಡ. ರಾತ್ರಿಯ ಅಪಿಕ್ಸಬಾನ್ ಕೊಡಬೇಕೇ ಎಂದು ಅಲ್ಲಿಯ ವೈದ್ಯರನ್ನೇ ಕೇಳಿ.

ದಾರಿಯಲ್ಲಿ ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಒಂದು ಕೈ ಸೋಲುವುದು, ವಿಪರೀತ ಮಂಪರು, ಇವುಗಳಲ್ಲಿ ಯಾವುದೇ ಕಂಡರೂ 108ಕ್ಕೆ ಕರೆ ಮಾಡಿ.

ಪ್ರಶ್ನಾರ್ಥಕ · 10.01

ಬಂತು ನೋಡಿ. ಬುಗುಟು ಎದ್ದರೆ ಸ್ಕ್ಯಾನ್, ಸೀನಿದರೆ ಸ್ಕ್ಯಾನ್. 76 ವರ್ಷದವರನ್ನು ಮಳೆಯಲ್ಲಿ ಒಂದೂವರೆ ಗಂಟೆ ಕುಲುಕಿಸಿಕೊಂಡು ಹೋಗಿ, ವಿಕಿರಣ ಕುಡಿಸಿ, ಕೊನೆಗೆ ‘ಎಲ್ಲ ಸರಿ ಇದೆ’ ಎಂದು ಚೀಟಿ ಕೊಡುತ್ತಾರೆ. ಯಂತ್ರ ಕೊಂಡವನಿಗೆ ಅದರ ಕಂತು ಕಟ್ಟಬೇಕಲ್ಲ.

ತುರ್ತುಕೊಠಡಿ · 10.20

ನಾನು ತುರ್ತು ಚಿಕಿತ್ಸಾ ವೈದ್ಯ. ಯಂತ್ರ ನನ್ನದಲ್ಲ, ಕಂತೂ ನನ್ನದಲ್ಲ.

ಮೊದಲನೆಯದಾಗಿ, ಎಕ್ಸ್-ರೇ ತೆಗೆಸಿ ಸಮಯ ಕಳೆಯಬೇಡಿ. ಅದರಲ್ಲಿ ಬುರುಡೆಯ ಮೂಳೆ ಕಾಣುತ್ತದೆ, ಒಳಗಿನ ರಕ್ತ ಕಾಣುವುದಿಲ್ಲ. ಮೂಳೆ ಬಿರಿಯದೆಯೂ ಒಳಗೆ ರಕ್ತ ಸೋರಬಹುದು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆಗುವುದೇ ಹಾಗೆ.

ಯಾಕೆಂದರೆ, ಎಳನೀರಿನ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಯ ಕಾಯನ್ನು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ವಯಸ್ಸಾದಂತೆ ಮಿದುಳು ಹಾಗೆಯೇ ತುಸು ಕುಗ್ಗಿ ಬುರುಡೆಯೊಳಗೆ ಜಾಗ ಬಿಡುತ್ತದೆ. ಮಿದುಳಿನ ಮೇಲ್ಮೈಯಿಂದ ಹೊರಪೊರೆಗೆ ಹಾದುಹೋಗುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದ ದಾರದಂತಾಗಿರುತ್ತವೆ. ಸಣ್ಣ ಕುಲುಕಿಗೂ ಅವುಗಳಲ್ಲೊಂದು ಹರಿಯಬಹುದು. ಮಾಮೂಲಿ ಮನುಷ್ಯನಲ್ಲಿ ಅದು ಬೇಗ ಹೆಪ್ಪುಗಟ್ಟಿ ನಿಲ್ಲುತ್ತದೆ, ಈ ಗುಳಿಗೆ ನುಂಗುವವರಲ್ಲಿ ತೊಟ್ಟಿಕ್ಕುತ್ತಲೇ ಇರಬಹುದು. ಮಿದುಳು ಕುಗ್ಗಿ ಜಾಗ ಇರುವುದರಿಂದ ಒಳಗೆ ಒತ್ತಡ ಏರಲು ತಡವಾಗುತ್ತದೆ, ಲಕ್ಷಣಗಳೂ ತಡವಾಗಿಯೇ ಬರುತ್ತವೆ. ದೋಸೆ ತಿಂದರು, ಪತ್ರಿಕೆ ಓದಿದರು ಎನ್ನುವುದು ಸಂತೋಷದ ಸಂಗತಿ, ಆದರೆ ಪುರಾವೆಯಲ್ಲ.

2012ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂತು. ತಲೆಗೆ ಪೆಟ್ಟು ಬಿದ್ದು ತುರ್ತು ವಿಭಾಗಕ್ಕೆ ಬಂದ, ವಾರ್ಫರಿನ್ ಅಥವಾ ಕ್ಲೊಪಿಡೋಗ್ರೆಲ್ (ಇವೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆಗಳೇ) ತೆಗೆದುಕೊಳ್ಳುತ್ತಿದ್ದ 1,064 ಜನರನ್ನು ನೋಡಿದ್ದರು. ವಾರ್ಫರಿನ್‌ನವರಲ್ಲಿ ಶೇಕಡಾ 5.1, ಕ್ಲೊಪಿಡೋಗ್ರೆಲ್‌ನವರಲ್ಲಿ ಶೇಕಡಾ 12 ಮಂದಿಗೆ ತಲೆಯೊಳಗೆ ರಕ್ತಸ್ರಾವ ಆಗಿತ್ತು. ಅಂದರೆ ಬಹುಪಾಲು ಜನರಿಗೆ ಏನೂ ಆಗಿರಲಿಲ್ಲ, ಪ್ರಶ್ನಾರ್ಥಕ ಅವರ ‘ಎಲ್ಲ ಸರಿ ಇದೆ’ ಚೀಟಿಯೇ ಹೆಚ್ಚು. ಆದರೆ ಇಪ್ಪತ್ತರಲ್ಲಿ ಒಬ್ಬರು ಯಾರು ಎನ್ನುವುದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ವಿಕಿರಣದ ವಿಷಯ: ತಲೆಯ ಒಂದು ಸಿ.ಟಿ.ಯಲ್ಲಿ ಸಿಗುವುದು, ನೆಲ ಗಾಳಿಗಳಿಂದ ನಮಗೆ ಸಹಜವಾಗಿ ಸುಮಾರು ಒಂದು ವರ್ಷದಲ್ಲಿ ಸಿಗುವಷ್ಟು. 76ರ ವಯಸ್ಸಿನಲ್ಲಿ ಅದರ ಚಿಂತೆ ಬೇಡ.

ಬಟ್ಟಲುಕಾಫಿ · 10.24

ನಿದ್ದೆ ಮಾಡಬಾರದು ಎನ್ನುವುದಾದರೂ ಸರಿಯೋ ಇಲ್ಲವೋ?

ರಾತ್ರಿಪಾಳಿ · 10.26

ನಿದ್ದೆ ಕೆಡುಕಲ್ಲ. ಎಬ್ಬಿಸಿದರೆ ಏಳದಿರುವುದು ಕೆಡುಕು.

ಲೆಸ್ಟರ್‌ನಿಂದ · 10.41

ನಾನು ಇಂಗ್ಲೆಂಡಿನಲ್ಲಿದ್ದೇನೆ, ಆಸ್ಪತ್ರೆಯಲ್ಲೇ ಕೆಲಸ, ಆದರೆ ವೈದ್ಯನಲ್ಲ. ಇಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ 2014ರಲ್ಲಿ ವಾರ್ಫರಿನ್ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟು ಬಿದ್ದರೆ ಬೇರೆ ಲಕ್ಷಣ ಇಲ್ಲದಿದ್ದರೂ ಎಂಟು ಗಂಟೆಯೊಳಗೆ ಸಿ.ಟಿ. ಮಾಡಿ ಎಂದಿತ್ತು. 2023ರಲ್ಲಿ ಅದನ್ನು ತಿದ್ದಿ, ಅಪಿಕ್ಸಬಾನ್‌ನಂಥ ಹೊಸ ಗುಳಿಗೆಗಳನ್ನೂ ಕ್ಲೊಪಿಡೋಗ್ರೆಲ್‌ನಂಥವನ್ನೂ ಸೇರಿಸಿದರು, ಆದರೆ ‘ಮಾಡಿ’ ಎನ್ನುವುದು ‘ಮಾಡುವ ಬಗ್ಗೆ ಪರಿಗಣಿಸಿ’ ಎಂದಾಯಿತು. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರನ್ನು ಇದರಿಂದ ಹೊರಗಿಟ್ಟಿದ್ದಾರೆ.

ಪ್ರಶ್ನಾರ್ಥಕ · 10.44

ನೋಡಿ! ‘ಪರಿಗಣಿಸಿ’. ಬಿಳಿಯರೇ ಒಂದು ಹೆಜ್ಜೆ ಹಿಂದೆ ಇಟ್ಟಿದ್ದಾರೆ. ನಮ್ಮವರು ಮಾತ್ರ ಮುಂದೆ.

ತುರ್ತುಕೊಠಡಿ · 10.53

ಪರಿಗಣಿಸಿ ಎಂದರೆ ಬಿಟ್ಟುಬಿಡಿ ಎಂದಲ್ಲ. ಯಂತ್ರ ಪಕ್ಕದ ಕೋಣೆಯಲ್ಲಿದ್ದು, ಬಿಗಡಾಯಿಸಿದರೆ ಹತ್ತು ನಿಮಿಷದಲ್ಲಿ ಮಲಗಿಸಬಹುದಾದ ಕಡೆ ಕಾದು ನೋಡುವ ಮಾತು ಬೇರೆ. ಹಾಳೆಟೋಪಿಯವರ ಮನೆಯಿಂದ ಯಂತ್ರಕ್ಕೆ ಒಂದೂವರೆ ಗಂಟೆ, ನರಶಸ್ತ್ರಚಿಕಿತ್ಸಕರು ಇರುವ ಕಡೆಗೆ ಇನ್ನೂ ಹೆಚ್ಚು. ಮನೆ ದೂರವಿದ್ದಷ್ಟು ಬೇಗ ಹೊರಡಬೇಕು. ನಮ್ಮ ಜನ ಮಾಡುವುದು ಇದರ ತಿರುಗಾಮುರುಗ.

ಹಾಳೆಟೋಪಿ · 11.05

ಪಕ್ಕದ ಮನೆಯವರ ಜೀಪಿನಲ್ಲಿ ಹೊರಟಿದ್ದಾರೆ. ಅಪ್ಪನ ಷರತ್ತು: ಹೇಗೂ ಪೇಟೆಗೆ ಹೋಗುವುದರಿಂದ ಅಡಿಕೆ ಸಂಘದಲ್ಲಿ ಮೈಲುತುತ್ತದ ದರ ಕೇಳಿಕೊಂಡು ಬರಬೇಕು.

ಔಷಧದಂಗಡಿ · 11.12

ಭಾನುವಾರ ಸಂಘ ತೆರೆದಿರುವುದಿಲ್ಲ ಎಂದು ಯಾರಾದರೂ ಅವರಿಗೆ ಹೇಳಿ.

ಹಳೆಯಕವಾಟ · 11.30

ಹೆಸರೇ ಹೇಳುವಂತೆ ನನ್ನ ಎದೆಯಲ್ಲಿರುವುದು ಲೋಹದ ಕವಾಟ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಎಂದು ಶುರುವಾದ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿತ್ತು. 19 ವರ್ಷದ ಹಿಂದೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ ಚಿತ್ರಾ ಕವಾಟ ಹಾಕಿದರು. 1990ರಲ್ಲಿ ಮೊದಲ ಸಲ ಮನುಷ್ಯನಿಗೆ ಅಳವಡಿಸಿದ, ನಮ್ಮ ದೇಶದಲ್ಲೇ ತಯಾರಾದ ಕವಾಟ ಅದು. ರಾತ್ರಿ ಸದ್ದಡಗಿದ ಮೇಲೆ ಟಿಕ್ ಟಿಕ್ ಎನ್ನುತ್ತದೆ. ಮಗಳು ಸಣ್ಣವಳಿದ್ದಾಗ ಎದೆಗೆ ಕಿವಿಯಿಟ್ಟು ‘ಅಪ್ಪನ ಗಡಿಯಾರ’ ಎನ್ನುತ್ತಿದ್ದಳು.

ನಮಗೆ ಅಪಿಕ್ಸಬಾನ್, ಡಾಬಿಗಾಟ್ರಾನ್‌ನಂಥ ಹೊಸ ಗುಳಿಗೆಗಳು ನಡೆಯುವುದಿಲ್ಲ. ಅಸಿಟ್ರಾಂ ಅಥವಾ ವಾರ್ಫರಿನ್, ಜೀವನಪರ್ಯಂತ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಅಳೆಯುವ ಐ.ಎನ್.ಆರ್. ಎಂಬ ಪರೀಕ್ಷೆ 2.5ರಿಂದ 3.5ರ ನಡುವೆ ಇರಬೇಕು. ಐದು ವರ್ಷದ ಹಿಂದೆ ಹೊಟ್ಟೆ ಕೆಟ್ಟು ಅಂಗಡಿಯಿಂದ ಮೆಟ್ರೊನಿಡಜೋಲ್ ತಂದು ನುಂಗಿದೆ. ನಾಲ್ಕನೆಯ ದಿನ ಸ್ಕೂಟರ್ ನಿಲ್ಲಿಸುವಾಗ ಮಗುಚಿ ಹಣೆ ಕಂಬಕ್ಕೆ ತಾಗಿತು. ಆಸ್ಪತ್ರೆಯಲ್ಲಿ ನೋಡಿದರೆ ಐ.ಎನ್.ಆರ್. 4.8, ತಲೆಯೊಳಗೆ ತೆಳ್ಳನೆಯ ರಕ್ತದ ಪದರ. ಗುಳಿಗೆಯ ಪರಿಣಾಮ ತಗ್ಗಿಸಲು ವಿಟಮಿನ್ ಕೆ ಸೂಜಿ ಹಾಕಿದರು, ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಮಿಶ್ರಣ ಏರಿಸಿದರು. ಆಮೇಲೆ ಶುರುವಾಯಿತು ನಿಜವಾದ ಫಜೀತಿ. ಗುಳಿಗೆ ಕೊಟ್ಟರೆ ತಲೆಯಲ್ಲಿ ರಕ್ತ ಹೆಚ್ಚಬಹುದು, ಕೊಡದಿದ್ದರೆ ಕವಾಟದಲ್ಲೇ ರಕ್ತ ಗಟ್ಟಿಯಾಗಿ ಗಡಿಯಾರ ನಿಲ್ಲಬಹುದು. ಹೃದಯದವರು ಒಂದು ಕಡೆ ಎಳೆದರು, ನರದವರು ಇನ್ನೊಂದು ಕಡೆ. ಹನ್ನೊಂದನೆಯ ದಿನ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಸೂಜಿಮದ್ದು ಹೆಪಾರಿನ್‌ನಿಂದ ಮೆಲ್ಲಗೆ ಆರಂಭಿಸಿದರು. ಆ ಹನ್ನೊಂದು ರಾತ್ರಿ ನಾನು ಟಿಕ್ ಟಿಕ್ ಎಣಿಸುತ್ತಲೇ ಇದ್ದೆ.

ಔಷಧದಂಗಡಿ · 11.41

ಮೆಟ್ರೊನಿಡಜೋಲ್ ಕೊಟ್ಟ ನನ್ನ ಸಹೋದ್ಯೋಗಿ ಯಾರೋ, ಅವರ ಪರವಾಗಿ ತಲೆ ತಗ್ಗಿಸುತ್ತೇನೆ. ವಾರ್ಫರಿನ್, ಅಸಿಟ್ರಾಂ ತೆಗೆದುಕೊಳ್ಳುವವರು ಅಂಗಡಿಗೆ ಬಂದು ‘ಹೊಟ್ಟೆಗೆ ಏನಾದರೂ ಕೊಡಿ’ ಎನ್ನುವುದಕ್ಕೂ ಮೊದಲು ಅದನ್ನು ಹೇಳಬೇಕು. ಮೆಟ್ರೊನಿಡಜೋಲ್, ಕೋಟ್ರೈಮೊಕ್ಸಜೋಲ್, ಫ್ಲುಕೊನಜೋಲ್ ಮೂರೂ ಐ.ಎನ್.ಆರ್. ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಸೊಪ್ಪಿನಸಾರು · 11.50

ಸೊಪ್ಪು ತಿನ್ನಬಾರದು ಎನ್ನುತ್ತಾರಲ್ಲ, ಅದು ಎಲ್ಲರಿಗೂ ಅನ್ವಯಿಸುತ್ತದೆಯೇ? ನಮ್ಮ ಅತ್ತೆಗೆ ಎರಡು ವರ್ಷದಿಂದ ಹರಿವೆ, ಬಸಳೆ, ನುಗ್ಗೆಸೊಪ್ಪು ಎಲ್ಲ ನಿಲ್ಲಿಸಿದ್ದೇವೆ. ಪಾಪ, ಬಸಳೆ ಎಂದರೆ ಪ್ರಾಣ ಅವರಿಗೆ.

ಔಷಧದಂಗಡಿ · 11.58

ಯಾವ ಗುಳಿಗೆ? ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಾಟ್ರಾನ್ ಆದರೆ ಸೊಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ, ಇವತ್ತೇ ಬಸಳೆ ಬೇಯಿಸಿ. ವಾರ್ಫರಿನ್, ಅಸಿಟ್ರಾಂ ಆದರೂ ನಿಲ್ಲಿಸಬೇಕಿಲ್ಲ. ವಾರಕ್ಕೆ ಎಷ್ಟು ತಿನ್ನುತ್ತಾರೋ ಅಷ್ಟನ್ನೇ ಹದವಾಗಿ ತಿನ್ನುತ್ತಿರಬೇಕು. ಒಂದು ವಾರ ಏನೂ ಇಲ್ಲ, ಮುಂದಿನ ವಾರ ಮೂರು ಹೊತ್ತೂ ಸೊಪ್ಪು ಎಂದರೆ ಐ.ಎನ್.ಆರ್. ಕುಣಿಯುತ್ತದೆ.

ಸೊಪ್ಪಿನಸಾರು · 12.03

ರಿವರೊಕ್ಸಬಾನ್! ಎರಡು ವರ್ಷ! ಅತ್ತೆಗೆ ಹೇಗೆ ಹೇಳಲಿ?

ಬಟ್ಟಲುಕಾಫಿ · 12.04

ಹೇಳಬೇಡಿ. ಬಡಿಸಿ.

ಗೋಮಾಳ · 12.25

ನಾನು ನಿವೃತ್ತ ಪಶುವೈದ್ಯ. ಮನುಷ್ಯರ ಮಾತಿಗೆ ದನದ ಮಾತು ಸೇರಿಸುತ್ತೇನೆ, ಬೈಯಬೇಡಿ. ಈ ವಾರ್ಫರಿನ್ ಕೊಟ್ಟಿಗೆಯಿಂದ ಬಂದದ್ದು. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದಲ್ಲಿ, ಕೆನಡಾದಲ್ಲಿ ದನಗಳು ಕೋಡು ಕತ್ತರಿಸಿದರೆ ಸಾಕು, ರಕ್ತ ನಿಲ್ಲದೆ ಸಾಯತೊಡಗಿದವು. ಕಾರಣ, ಸ್ವೀಟ್ ಕ್ಲೋವರ್ ಎಂಬ ಮೇವು ಒದ್ದೆಯಾಗಿ ಬೂಷ್ಟು ಹಿಡಿದದ್ದು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹಿಮಪಾತದ ನಡುವೆಯೇ, ಸತ್ತ ಕಡಸನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಆ ಮೇವನ್ನೂ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಬಂದ. ಅಲ್ಲಿಂದ ಹೊರಟ ಸಂಶೋಧನೆ ಮೊದಲು 1948ರಲ್ಲಿ ಇಲಿ ಪಾಷಾಣವಾಯಿತು, 1954ರಲ್ಲಿ ಮನುಷ್ಯರ ಔಷಧವಾಯಿತು. ಮರುವರ್ಷ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್ ಕೂಡ ಅದನ್ನೇ ನುಂಗಿದರು.

ಈಗಲೂ ಇಲಿ ಪಾಷಾಣ ತಿಂದ ನಾಯಿ ಬಂದರೆ ಕೊಡುವುದು ವಿಟಮಿನ್ ಕೆ. ಹಳೆಯಕವಾಟ ಅವರಿಗೆ ಕೊಟ್ಟದ್ದೂ ಅದೇ.

ಹಳೆಯಕವಾಟ · 12.31

ಹತ್ತೊಂಬತ್ತು ವರ್ಷದಿಂದ ಇಲಿ ಪಾಷಾಣ ತಿನ್ನುತ್ತಿದ್ದೇನೆ ಎಂದು ಹೆಂಡತಿ ಆಗಾಗ ನೆನಪಿಸುತ್ತಾಳೆ. ನಾಯಿಯ ಉಪಮೆ ಹೊಸದು. ಅವಳಿಗೆ ಹೇಳುವುದಿಲ್ಲ.

ಅಕ್ಷರಶಃ · 12.40

ಒಂದು ತಕರಾರು. ‘ರಕ್ತ ತೆಳುವಾಗಿಸುವ ಗುಳಿಗೆ’ ಎನ್ನುವುದೇ ತಪ್ಪು. ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಹೆಪ್ಪುನಿರೋಧಕ ಎನ್ನಬೇಕು.

ಬಟ್ಟಲುಕಾಫಿ · 12.42

ಹೆಪ್ಪು ಎಂದರೆ ನಮ್ಮ ಮನೆಯಲ್ಲಿ ಮೊಸರು.

ಗುಬ್ಬಚ್ಚಿಗೂಡು · ಮಧ್ಯಾಹ್ನ 1.15

ಎಲ್ಲರೂ ಮೊದಲ ದಿನದ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಅಮ್ಮನ ವಿಷಯ ಹೇಳುತ್ತೇನೆ. ಸ್ಟೆಂಟ್ ಹಾಕಿದ್ದರಿಂದ ಎಕೋಸ್ಪ್ರಿನ್ (ಆಸ್ಪಿರಿನ್) ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ತೆಗೆದುಕೊಳ್ಳುತ್ತಿದ್ದರು. ದೀಪಾವಳಿಗೆ ಅಟ್ಟದಿಂದ ಹಂಡೆ ಇಳಿಸುವಾಗ ಬಾಗಿಲ ಮೇಲಿನ ಪಟ್ಟಿಗೆ ತಲೆ ತಾಗಿತು. ಬೀಳಲೂ ಇಲ್ಲ. ನಾವು ಮರೆತೇಬಿಟ್ಟೆವು. ಐದು ವಾರದ ಮೇಲೆ ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕತೊಡಗಿದರು. ರಂಗೋಲಿ ಬಲಗಡೆ ಕೆಡುತ್ತಿತ್ತು, ಚುಕ್ಕಿಗಳು ಸಾಲು ತಪ್ಪುತ್ತಿದ್ದವು. ವಯಸ್ಸಾಯಿತು, ಮರೆವು ಎಂದುಕೊಂಡೆವು. ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿಹೋದರೂ ಅವರಿಗೆ ತಿಳಿಯದಿದ್ದ ದಿನ ಭಯವಾಯಿತು.

ಸ್ಕ್ಯಾನ್‌ನಲ್ಲಿ ಎಡಗಡೆ ಬೆರಳಿನಷ್ಟು ದಪ್ಪದ ಹಳೆಯ ರಕ್ತ. ಬುರುಡೆಗೆ ಎರಡು ಸಣ್ಣ ರಂಧ್ರ ಕೊರೆದು ತೆಗೆದರು. ಎಂಜಿನ್ ಎಣ್ಣೆಯಂತೆ ಇತ್ತು ಎಂದು ವೈದ್ಯರು ಹೇಳಿದರು. ನಾಲ್ಕನೆಯ ದಿನ ಅಮ್ಮ ನನ್ನ ಕೈಯ ಕಾಫಿ ಚೆನ್ನಾಗಿಲ್ಲ ಎಂದರು. ಆಗ ಅವರು ವಾಪಸ್ಸು ಬಂದರು ಎಂದು ಗೊತ್ತಾಯಿತು.

ರಾತ್ರಿಪಾಳಿ · 1.22

ರಂಗೋಲಿಯ ಚುಕ್ಕಿ. ಇದನ್ನು ನಾನು ತರಬೇತಿಗೆ ಬರುವ ಹುಡುಗಿಯರಿಗೆ ಹೇಳುತ್ತೇನೆ, ನಿಮ್ಮ ಅಪ್ಪಣೆ ಇದ್ದರೆ.

ಹಾಳೆಟೋಪಿ · ಸಂಜೆ 4.10

ಸಿ.ಟಿ. ಆಯಿತು. ರಕ್ತಸ್ರಾವ ಇಲ್ಲ! ಎಲ್ಲರಿಗೂ ಧನ್ಯವಾದ. ರಕ್ತ ಪರೀಕ್ಷೆಯನ್ನೂ ಮಾಡಿದರು, ಐ.ಎನ್.ಆರ್. 1.1 ಬಂದಿದೆ. ‘ರಕ್ತ ನಾರ್ಮಲ್ ಇದೆ, ಗುಳಿಗೆಯ ಪರಿಣಾಮ ಏನೂ ಇಲ್ಲ, ಹೆದರಬೇಡಿ’ ಎಂದು ಅಲ್ಲಿಯ ಸಹಾಯಕರು ಹೇಳಿದರಂತೆ.

ಪ್ರಶ್ನಾರ್ಥಕ · 4.14

ನಾನು ಬೆಳಿಗ್ಗೆ ಹತ್ತಕ್ಕೇ ಹೇಳಿದ್ದೆ. ಒಟ್ಟು ಖರ್ಚು ಎಷ್ಟಾಯಿತು?

ತುರ್ತುಕೊಠಡಿ · 4.35

ಸಂತೋಷ. ಆದರೆ ಆ ಎರಡನೆಯ ಮಾತು ತಪ್ಪು. ಐ.ಎನ್.ಆರ್. ಅಳೆಯುವುದು ವಾರ್ಫರಿನ್, ಅಸಿಟ್ರಾಂಗಳ ಪರಿಣಾಮವನ್ನು. ಅಪಿಕ್ಸಬಾನ್ ಪೂರ್ತಿ ಕೆಲಸ ಮಾಡುತ್ತಿರುವಾಗಲೂ ಐ.ಎನ್.ಆರ್. 1.1 ಇರಬಹುದು. ಅದನ್ನು ನಂಬಿ ಮೈಮರೆಯಬೇಡಿ.

ಇನ್ನು ಮುಂದೆ? ಮೊದಲ ಸ್ಕ್ಯಾನ್ ಸರಿ ಇದ್ದು ಆಮೇಲೆ ರಕ್ತ ಸೋರುವುದು ಅಪರೂಪ. ನಾನು ಹೇಳಿದ ಅದೇ ಅಧ್ಯಯನದಲ್ಲಿ ವಾರ್ಫರಿನ್‌ನವರಲ್ಲಿ ಶೇಕಡಾ 0.6, ಕ್ಲೊಪಿಡೋಗ್ರೆಲ್‌ನವರಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಲಕ್ಷಣ ಇಲ್ಲದವರಿಗೆಲ್ಲ ಎರಡನೆಯ ಸ್ಕ್ಯಾನ್ ಮಾಡುವುದು ಬೇಕಿಲ್ಲ, ಇಲ್ಲಿ ಪ್ರಶ್ನಾರ್ಥಕ ಅವರ ಪಕ್ಷ ನನ್ನದು. ಇವತ್ತು ರಾತ್ರಿ ಪೇಟೆಯಲ್ಲೇ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು. ಆಮೇಲೆ ಒಂದೆರಡು ತಿಂಗಳು ಗುಬ್ಬಚ್ಚಿಗೂಡು ಅವರು ಹೇಳಿದಂಥ ಬದಲಾವಣೆಗಳ ಮೇಲೆ ಕಣ್ಣಿರಲಿ. ಗುಳಿಗೆ ಎಂದಿನಿಂದ ಮುಂದುವರಿಸಬೇಕು ಎಂದು ಅಲ್ಲಿಯ ವೈದ್ಯರು ಬರೆದುಕೊಟ್ಟರೇ?

ಹಾಳೆಟೋಪಿ · 4.50

ಇವತ್ತು ರಾತ್ರಿಯದು ಬಿಡಿ, ನಾಳೆ ಬೆಳಿಗ್ಗೆಯಿಂದ ಎಂದಿನಂತೆ ಎಂದು ಬರೆದಿದ್ದಾರೆ. ಅಪ್ಪ ನೆಂಟರ ಮನೆಯಲ್ಲಿದ್ದಾರೆ, ಇಸ್ಪೀಟು ನಡೆದಿದೆಯಂತೆ.

ಪ್ರಶ್ನಾರ್ಥಕ · ಸೋಮವಾರ ಬೆಳಿಗ್ಗೆ 8.30

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಇಷ್ಟೆಲ್ಲ ಭಯ ಇರುವ ಗುಳಿಗೆಯನ್ನು ಬೀಳುವ ವಯಸ್ಸಿನವರಿಗೆ ಕೊಡುವುದೇ ಯಾಕೆ? ಒಮ್ಮೆ ಬಿದ್ದವರು ಮತ್ತೆ ಬೀಳುತ್ತಾರೆ. ನಿಲ್ಲಿಸಿಬಿಟ್ಟರೆ ಮುಗಿಯಿತಲ್ಲ.

ಮೂರನೆಯಮನೆ · 8.52

ನನ್ನ ಮಾವನಿಗೆ ಹೀಗೆಯೇ ನಿಲ್ಲಿಸಿದೆವು. ಬಚ್ಚಲಲ್ಲಿ ಬಿದ್ದರು, ಏನೂ ಆಗಲಿಲ್ಲ, ನಮಗೇ ಹೆದರಿಕೆಯಾಗಿ ವೈದ್ಯರನ್ನು ಕೇಳದೆ ಗುಳಿಗೆ ಬಿಡಿಸಿದೆವು. ಏಳು ವಾರಕ್ಕೆ ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಕಾಶವಾಣಿಯ ವಾರ್ತೆಯನ್ನು ಜೊತೆಜೊತೆಗೆ ಹೇಳುತ್ತಿದ್ದ ಮನುಷ್ಯ. ಈಗ ‘ಹಾಂ’ ಎನ್ನುವುದೊಂದೇ ಪದ. ಪ್ರಶ್ನಾರ್ಥಕ ಅವರೇ, ಮುಗಿಯುವುದಿಲ್ಲ.

ತುರ್ತುಕೊಠಡಿ · 9.30

ಬಡಿತ ತಾಳ ತಪ್ಪಿದಾಗ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲ, ಅದರಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗುತ್ತದೆ, ಆ ಹೆಪ್ಪು ಮಿದುಳಿಗೆ ಹಾರುತ್ತದೆ. ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ವಾರ್ಫರಿನ್ ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುತ್ತದೆ. 2011ರಲ್ಲಿ 18,201 ಜನರ ಮೇಲೆ ನಡೆದ ಪ್ರಯೋಗದಲ್ಲಿ, ವಾರ್ಫರಿನ್‌ಗೆ ಹೋಲಿಸಿದರೆ ಅಪಿಕ್ಸಬಾನ್‌ನವರಲ್ಲಿ ತಲೆಯೊಳಗಿನ ರಕ್ತಸ್ರಾವ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಬೀಳುವ ಲೆಕ್ಕವನ್ನೂ ಹಾಕಿದವರಿದ್ದಾರೆ. 1999ರಲ್ಲಿ ಕೆನಡಾದ ವೈದ್ಯರು ಗುಣಿಸಿ ನೋಡಿದರು: ವಾರ್ಫರಿನ್‌ನ ಲಾಭವನ್ನು ಬೀಳುವಿಕೆಯ ಅಪಾಯ ಮೀರಬೇಕಾದರೆ ಒಬ್ಬ ವ್ಯಕ್ತಿ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು. ಕಾಗದದ ಮೇಲಿನ ಲೆಕ್ಕ, ಅದರಲ್ಲಿ ತಪ್ಪು ಹುಡುಕಬಹುದು. ಆದರೆ ತಕ್ಕಡಿ ಯಾವ ಕಡೆ ವಾಲಿದೆ ಎನ್ನುವುದು ಗೊತ್ತಾಗುತ್ತದೆ.

ಪ್ರಶ್ನಾರ್ಥಕ · 9.41

295 ಸಲ ಬೀಳುವವನಿಗೆ ಬೇಕಾದದ್ದು ಗುಳಿಗೆಯಲ್ಲ, ಮದ್ಯದಂಗಡಿಯಿಂದ ದೂರ. ಮೂರನೆಯಮನೆ ಅವರಲ್ಲಿ ಮಾತ್ರ ಕ್ಷಮೆ ಕೇಳುತ್ತೇನೆ. ಗೊತ್ತಿರಲಿಲ್ಲ.

ಕಲ್ಲುಚಪ್ಪಡಿ · 10.15

ಗುಳಿಗೆ ನಿಲ್ಲಿಸುವ ಬದಲು ಪಾಚಿ ನಿಲ್ಲಿಸಿ. ಮಲೆನಾಡಿನವರಾಗಿ ಯಾರೊಬ್ಬರೂ ಅಂಗಳದ ಮಾತೇ ಎತ್ತಿಲ್ಲವಲ್ಲ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಅಡಿಕೆ ದಬ್ಬೆ ಹಾಸಿ, ಬಾವಿಯಿಂದ ಕೊಟ್ಟಿಗೆಯವರೆಗೆ ಕಾಲುದಾರಿ ಮಾಡುತ್ತಿದ್ದರು. ಈಗ ಎಲ್ಲ ಕಡೆ ಸಿಮೆಂಟು, ಅದರ ಮೇಲೆ ಬೆಣ್ಣೆ ಹಚ್ಚಿದಂತೆ ಪಾಚಿ. ಬ್ಲೀಚಿಂಗ್ ಪುಡಿ ಎರಚಿ ಒರಟು ಪೊರಕೆಯಲ್ಲಿ ತಿಕ್ಕಿ.

ಗೋಮಾಳ · 10.22

ಬ್ಲೀಚಿಂಗ್ ಪುಡಿಯ ನೀರು ತುಳಸಿಯ ಬುಡಕ್ಕೆ, ಬಾವಿಗೆ ಹೋಗದಂತೆ ನೋಡಿಕೊಳ್ಳಿ. ಸುಣ್ಣ ಸಾಕು.

ಕಲ್ಲುಚಪ್ಪಡಿ · 10.25

ಸುಣ್ಣ ಎರಡು ಮಳೆಗೆ ತೊಳೆದುಹೋಗುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಲೆಸ್ಟರ್‌ನಿಂದ · 10.40

ಅಷ್ಟೇ ಮುಖ್ಯವಾದದ್ದು, ಹಾಳೆಟೋಪಿಯವರ ಅಪ್ಪ ಕಾಲಿಗೆ ಏನು ಹಾಕಿಕೊಳ್ಳುತ್ತಾರೆ? ಸವೆದ ಹವಾಯಿ ಚಪ್ಪಲಿ ಆಗಿದ್ದರೆ ಮೊದಲು ಅದನ್ನು ಎಸೆಯಿರಿ.

ಹಾಳೆಟೋಪಿ · ಶುಕ್ರವಾರ ರಾತ್ರಿ 9.20

ಮತ್ತೆ ಸಹಾಯ ಬೇಕು. ಊರಿಗೆ ಬಂದಿದ್ದೇನೆ. ಅಪ್ಪ ಚೆನ್ನಾಗಿದ್ದಾರೆ. ಆದರೆ ಪಟ್ಟಿಯಲ್ಲಿ ಉಳಿದ ಗುಳಿಗೆ ಎಣಿಸಿದರೆ ಎಂಟು ಹೆಚ್ಚಿವೆ! ಗದರಿಸಿ ಕೇಳಿದ ಮೇಲೆ ಒಪ್ಪಿಕೊಂಡರು. ನಾನು ಅಮ್ಮನಿಗೆ ಈ ಚರ್ಚೆಯ ಕೊಂಡಿ ಕಳುಹಿಸಿದ್ದೆ, ಅಪ್ಪ ಅಮ್ಮನ ಮೊಬೈಲಿನಲ್ಲಿ ಹಳೆಯಕವಾಟ ಅವರ ಕಥೆಯನ್ನೂ ಎಂಜಿನ್ ಎಣ್ಣೆಯನ್ನೂ ಓದಿ, ಸೋಮವಾರ ರಾತ್ರಿಯಿಂದ ಗುಳಿಗೆಯನ್ನು ದಾಸವಾಳದ ಬುಡಕ್ಕೆ ಹಾಕುತ್ತಿದ್ದಾರೆ. ಇವತ್ತು ಎರಡನ್ನೂ ಸೇರಿಸಿ ಕೊಡಲೇ?

ರಾತ್ರಿಪಾಳಿ · 9.23

ದಾಸವಾಳದ ಬುಡಕ್ಕೆ ಹಾಕಿದರೆ ಪಟ್ಟಿಯಲ್ಲಿ ಹೇಗೆ ಹೆಚ್ಚಾಗುತ್ತದೆ?

ಹಾಳೆಟೋಪಿ · 9.25

ಮೊದಲ ದಿನ ಮಾತ್ರ ದಾಸವಾಳ. ಆಮೇಲೆ 30 ರೂಪಾಯಿಯ ಗುಳಿಗೆ ಹಾಳಾಗುತ್ತದೆ ಎಂದು ಪಟ್ಟಿಯಲ್ಲೇ ಬಿಟ್ಟಿದ್ದಾರಂತೆ.

ತುರ್ತುಕೊಠಡಿ · 9.34

ಎರಡು ಸೇರಿಸಿ ಕೊಡಲೇಬೇಡಿ. ಬಿಟ್ಟುಹೋದದ್ದನ್ನು ತುಂಬಿಸುವ ಲೆಕ್ಕ ಈ ಗುಳಿಗೆಗೆ ಇಲ್ಲ. ಬಿದ್ದು ಐದು ದಿನವಾಗಿದೆ, ತಲೆನೋವು, ನಡಿಗೆಯಲ್ಲಿ ವ್ಯತ್ಯಾಸ ಏನೂ ಇಲ್ಲ ತಾನೇ? ಈಗಲೇ ಅವರ ಹೃದಯದ ವೈದ್ಯರಿಗೆ ಕರೆ ಮಾಡಿ, ನಾಲ್ಕು ದಿನ ತಪ್ಪಿದೆ ಎಂದು ಹೇಳಿ. ಮಾಮೂಲಿ ಒಂದು ಗುಳಿಗೆಯಿಂದ ಶುರು ಮಾಡಿ ಎಂದೇ ಅವರು ಹೇಳುವ ಸಾಧ್ಯತೆ ಹೆಚ್ಚು. ವಾರ್ಫರಿನ್‌ನ ಪರಿಣಾಮ ಕೆಲವು ದಿನ ಉಳಿಯುತ್ತದೆ, ಅಪಿಕ್ಸಬಾನ್‌ನದು ಒಂದೆರಡು ದಿನದಲ್ಲಿ ಪೂರ್ತಿ ಇಳಿದಿರುತ್ತದೆ. ಅಂದರೆ ಬುಧವಾರದಿಂದ ಅವರಿಗೆ ಯಾವ ರಕ್ಷಣೆಯೂ ಇಲ್ಲ.

ಹೆದರಿಸಿದ್ದರಲ್ಲಿ ನನ್ನ ಪಾಲೂ ಇದೆ. ಉಂಡೆ ಕೊಬ್ಬರಿ ನನ್ನದೇ.

ಹಳೆಯಕವಾಟ · 9.40

ಅವರಿಗೆ ಹೇಳಿ: ಆ ಹನ್ನೊಂದು ರಾತ್ರಿಯ ನಂತರ ನಾನು ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ. ಕಥೆಯ ಆ ಭಾಗ ಬರೆಯಲು ಮರೆತಿದ್ದೆ.

ಹಾಳೆಟೋಪಿ · 10.15

ವೈದ್ಯರು ಸಿಕ್ಕರು. ಈಗಲೇ ಒಂದು, ನಾಳೆಯಿಂದ ಎಂದಿನಂತೆ. ನನ್ನ ಎದುರೇ ನುಂಗಿಸಿದ್ದೇನೆ. ಬಾಯಿ ತೆರೆಸಿ ನೋಡಿದ್ದೇನೆ. ಈಗ ಅಪ್ಪ ಮೊಬೈಲ್ ಕಸಿದುಕೊಳ್ಳುತ್ತಿದ್ದಾರೆ, ಏನೋ ಬರೆಯಬೇಕಂತೆ.

ಹಾಳೆಟೋಪಿ · 10.48

ನಾನು ಬಿದ್ದವನು. ಆರು ದಿನದಿಂದ ನನ್ನ ತಲೆಯನ್ನು ನನ್ನನ್ನು ಕೇಳದೆಯೇ ಚರ್ಚಿಸುತ್ತಿದ್ದೀರಿ. ಕೆಲವು ತಿದ್ದುಪಡಿಗಳಿವೆ. ತಾಗಿದ್ದು ತುಳಸಿಕಟ್ಟೆಗಲ್ಲ, ಬಟ್ಟೆ ಒಗೆಯುವ ಕಲ್ಲಿಗೆ. ಬುಗುಟು ನಿಂಬೆಹಣ್ಣಿನಷ್ಟಿರಲಿಲ್ಲ, ಗೋಟಡಿಕೆಯಷ್ಟು. ದೋಸೆ ಮೂರು. ಹೊರಗಡೆ ಹೋಗುವಾಗ ಚಪ್ಪಲಿ ಹಾಕುತ್ತೇನೆ, ಪೂಜೆಯ ಹೂವು ಕೊಯ್ಯಲು ಬರಿಗಾಲು, ಅದನ್ನು ಇಂಗ್ಲೆಂಡಿನವರು ಗಮನಿಸಬೇಕು. ಮಾತು ಹೋದ ಆ ಹಿರಿಯರ ವಿಷಯ ನಾನು ಇವತ್ತು ಓದಿದೆ. ಮೊನ್ನೆ ಅಷ್ಟು ಕೆಳಗಿನವರೆಗೆ ಓದಿರಲಿಲ್ಲ. ಗುಳಿಗೆ ನುಂಗಿದ್ದೇನೆ.

ಅಂಗಳದ ಬಗ್ಗೆ ಬರೆದವರಿಗೆ ಒಂದು ಪ್ರಶ್ನೆ. ದಬ್ಬೆ ಹಾಸಿದರೆ ಆಷಾಢ ಮುಗಿಯುವುದರೊಳಗೆ ದಬ್ಬೆಯ ಮೇಲೂ ಪಾಚಿ ಕಟ್ಟುತ್ತದೆ. ಅದಕ್ಕೇನು ಮಾಡುತ್ತೀರಿ?

ಕಲ್ಲುಚಪ್ಪಡಿ · 10.55

ಮಗುಚಿ ಹಾಕುವುದು. ಮಗನ ಕೈಯಲ್ಲಿ.